ಮೀನು ಬದುಕಿದೆ ಅಂದ್ರೆ ನೀರು ಸರಿ ಇದೆ ಅಂತಾನಾ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಒಂದು ಹಳ್ಳಿ. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ನಿಮಗೆ ಗೊತ್ತೇ ಇದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ಬಿಡುತ್ತಾರೆ. ನಮ್ಮ ಕೆರೆ ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿತ್ತು. ನೀರು ಬಂದ ದಿನ ಅಜ್ಜಿ ಏರಿ ಮೇಲೆ ನಿಂತು ಕೈ ಮುಗಿದಿದ್ದರು. ಬೋರ್‌ವೆಲ್‌ಗಳಿಗೂ ಜೀವ ಬಂತು. ಆ ಖುಷಿ ನನಗೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈಗ ಚಿಕ್ಕಪ್ಪ ಮತ್ತು ಇನ್ನೂ ನಾಲ್ಕು ಜನ ಸೇರಿ ಮೀನು ಗುತ್ತಿಗೆ ಹಿಡಿದಿದ್ದಾರೆ. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದಾರೆ. ಜಿಲೇಬಿ ಮೀನು (ತಿಲಾಪಿಯಾ) ತಾನಾಗೇ ಸೇರಿಕೊಂಡಿದೆ. ಮೀನು ದಪ್ಪ ದಪ್ಪ ಬರುತ್ತಿದೆ. ಊರಲ್ಲಿ ಎರಡು ಮಾತಿದೆ. ಒಬ್ಬರು "ಮೀನು ಚೆನ್ನಾಗಿ ಬೆಳೀತಿದೆ, ಇನ್ನೇನು ಸಾಕ್ಷಿ ಬೇಕು" ಅಂತಾರೆ. ಇನ್ನೊಬ್ಬರು "ಆ ಮೀನು ಮನೆಗೆ ತರಬೇಡ" ಅಂತಾರೆ. ಮೊನ್ನೆ ಒಬ್ಬರು, ಕೊಳಕು ನೀರಿನ ಮೀನಿನ ರಕ್ತ ನೋಡಿದರೆ ಡಿಎನ್‌ಎ ಹಾಳಾಗಿರುವುದು ಗೊತ್ತಾಗುತ್ತೆ ಅಂದರು. ಇದು ನಿಜವಾ? ರಕ್ತದಲ್ಲಿ ಅದು ಕಾಣೋದು ಹೇಗೆ?

ಸೂಕ್ಷ್ಮದರ್ಶಕ

ನಿಜ. ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಮೀನಿನ ರಕ್ತದ ಸ್ಲೈಡ್ ನೋಡುತ್ತಲೇ ಹಲವು ವರ್ಷ ಕಳೆದಿದ್ದೇನೆ. ನಿಮ್ಮ ಕೆರೆ ನೋಡದೆ ಅದರ ಬಗ್ಗೆ ತೀರ್ಪು ಕೊಡುವುದಿಲ್ಲ. ಆದರೆ ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಇಲ್ಲ. ಮೀನು ಬದುಕಿದೆ ಅಂದ್ರೆ ಆ ನೀರಲ್ಲಿ ಉಸಿರಾಡೋಕೆ ಆಮ್ಲಜನಕ ಇದೆ, ತಕ್ಷಣ ಕೊಲ್ಲುವಷ್ಟು ವಿಷ ಇಲ್ಲ ಅಂತ ಮಾತ್ರ ಅರ್ಥ.

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿರಬಹುದು. ಅಂಥ ಸಾವು ಎಲ್ಲರ ಕಣ್ಣಿಗೂ ಬೀಳುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ನಾನು ಹೇಳುವ ಹಾನಿ ಸದ್ದಿಲ್ಲದೆ ಆಗುವಂಥದ್ದು. ಮೀನು ಈಜುತ್ತಿರುತ್ತದೆ, ತಿನ್ನುತ್ತಿರುತ್ತದೆ, ತೂಕವೂ ಬರುತ್ತದೆ. ಒಳಗೆ ಡಿಎನ್‌ಎ ಎಳೆ ತುಂಡಾಗುತ್ತಿರುತ್ತದೆ.

ಇದನ್ನು ನೋಡೋಕೆ ಮೀನು ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುವುದಿಲ್ಲ. ಮೀನಿನ ಕೆಂಪು ಕಣದಲ್ಲಿ ಇರುತ್ತದೆ. ಹಾಗಾಗಿ ಒಂದು ಹನಿ ರಕ್ತ ಸಾಕು. ಬಾಲದ ಹತ್ತಿರದ ರಕ್ತನಾಳದಿಂದ ಸೂಜಿಯಲ್ಲಿ ತೆಗೆದು ಗಾಜಿನ ಮೇಲೆ ತೆಳ್ಳಗೆ ಎಳೆದು ಒಣಗಿಸುತ್ತೇವೆ. ಮೆಥನಾಲ್‌ನಲ್ಲಿ ಹತ್ತು ನಿಮಿಷ ಇಟ್ಟು ಆಮೇಲೆ ಗೀಮ್ಸಾ ಬಣ್ಣ ಹಾಕುತ್ತೇವೆ. ಕೋಶ ತಿಳಿಯಾಗಿ, ಒಳಗಿನ ಕೇಂದ್ರ ಗಾಢ ನೇರಳೆಯಾಗಿ ಕಾಣುತ್ತದೆ. ಎಣ್ಣೆ ಹಾಕುವ ಲೆನ್ಸ್ ಇರುವ ಸಾಧಾರಣ ಸೂಕ್ಷ್ಮದರ್ಶಕ ಇದ್ದರೆ ಆಯಿತು.

ಕೋಶ ಒಡೆದು ಎರಡಾಗುವಾಗ ವರ್ಣತಂತುಗಳು ಎರಡು ಕಡೆಗೂ ಸಮವಾಗಿ ಹಂಚಿಕೆಯಾಗಬೇಕು. ಮೊದಲೇ ತುಂಡಾದ ಚೂರು ಯಾವ ಕಡೆಗೂ ಹೋಗದೆ ಹಿಂದೆ ಉಳಿದುಬಿಡುತ್ತದೆ. ಅದು ದೊಡ್ಡ ಕೇಂದ್ರದ ಪಕ್ಕ ಒಂದು ಚಿಕ್ಕ ಚುಕ್ಕಿಯಾಗಿ ಕೂರುತ್ತದೆ. ಅದಕ್ಕೆ ಮೈಕ್ರೋನ್ಯೂಕ್ಲಿಯಸ್ ಅಂತಾರೆ. ನಾನು ತರಗತಿಯಲ್ಲಿ ಮರಿಕೇಂದ್ರ ಅಂತೀನಿ. ದೊಡ್ಡದರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು, ಅದರದೇ ಬಣ್ಣ ಇರಬೇಕು, ಅದಕ್ಕೆ ಅಂಟಿಕೊಂಡಿರಬಾರದು. ಆಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಒಳ್ಳೆಯ ನೀರಿನ ಮೀನಿನಲ್ಲೂ ಸಾವಿರಕ್ಕೊಂದು, ಎರಡು ಸಿಗಬಹುದು. ಅದು ಜಾಸ್ತಿಯಾದರೆ ಏನೋ ನಡೆದಿದೆ ಅಂತ.

ಮೊದಲ ಸಲ ಅಂಥ ಚುಕ್ಕಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ಮೀನು ನೋಡೋಕೆ ತುಂಬಾ ಚೆನ್ನಾಗಿತ್ತು.

ಗದ್ದೆಬಯಲು

ಮೇಡಂ, ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕವನಿದ್ದಾಗ ಮೊದಲ ಮಳೆಗೆ ಹತ್ತುಮೀನು ಹಿಡಿಯೋಕೆ ರಾತ್ರಿ ಲಾಟೀನು ಹಿಡಿದು ಹೋಗುತ್ತಿದ್ದೆವು. ಹಳ್ಳದಿಂದ ಗದ್ದೆಗೆ ಮೀನು ಹತ್ತಿ ಬರುತ್ತಿತ್ತು. ಅಪ್ಪ ಮೀನು ಹಿಡಿಯುವ ಕೂಣಿ ಇಡುತ್ತಿದ್ದರು. ಬೆಳಿಗ್ಗೆ ಮುರುಗೋಡು, ಕೊರವ ಎಲ್ಲಾ ತುಂಬಿರುತ್ತಿತ್ತು. ಈಗ ಅದೇ ಗದ್ದೆಗಳಲ್ಲಿ ಶುಂಠಿ ಹಾಕುತ್ತಾರೆ. ಶುಂಠಿಗೆ ಎಷ್ಟು ಔಷಧಿ ಹೋಗುತ್ತೆ ಅಂತ ಬೆಳೆದವರಿಗೇ ಗೊತ್ತು. ಕ್ಯಾನು ತೊಳೆಯುವುದೂ ಹಳ್ಳದಲ್ಲೇ. ನಾನೂ ತೊಳೆದಿದ್ದೇನೆ, ಸುಳ್ಳು ಹೇಳುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ಮೀನು ಸಾಯದಷ್ಟು ಕಡಿಮೆ ಔಷಧಿ ಇದ್ದರೂ ಈ ಡಿಎನ್‌ಎ ತೊಂದರೆ ಆಗುತ್ತಾ?

ಸೂಕ್ಷ್ಮದರ್ಶಕ

ಆಗುತ್ತದೆ. ನೀವು ಹೇಳಿದ ಕೊರವದ ಮೇಲೆಯೇ ಇದರ ಕೆಲಸ ಆಗಿದೆ. ಮೈಮೇಲೆ ಚುಕ್ಕಿ ಇರುವ ಸಣ್ಣ ಜಾತಿಯದು. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಗೆ ಬಹಳ ಬಳಕೆಯಾಗುವ ಮೀನು ಅದು. ಅದಕ್ಕೆ ವರ್ಣತಂತು ಬರೀ 32. ರೋಹು, ಕಾಟ್ಲಾಕ್ಕೆ 50. ಗೆಂಡೆಗಂತೂ ನೂರರ ಹತ್ತಿರ. ಕಡಿಮೆ ಇದ್ದಷ್ಟೂ ಯಾವುದು ಮುರಿದಿದೆ ಅಂತ ನೋಡೋದು ಸುಲಭ.

ಲಖನೌದಲ್ಲಿ ಮೀನಿನ ತಳಿಗಳಿಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಅಲ್ಲಿನವರು ಈ ಮೀನನ್ನು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಬೆರೆಸಿದ ನೀರಲ್ಲಿ ಇಟ್ಟು ನೋಡಿದರು. 2008ರಲ್ಲಿ ಫಲಿತಾಂಶ ಬಂತು. ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನು ಸಾಯುವ ಮಟ್ಟ ಎಷ್ಟು ಅಂತ ಮೊದಲು ಕಂಡುಕೊಂಡರು. ಲೀಟರಿಗೆ ಸುಮಾರು 800 ಮೈಕ್ರೋಗ್ರಾಂ. ಆಮೇಲೆ ಅದಕ್ಕಿಂತ ಬಹಳ ಕಡಿಮೆ ಮಟ್ಟಗಳಲ್ಲಿ ಹಾಕಿ ನೋಡಿದರು. ಮೀನು ಸಾಯದ ಆ ಮಟ್ಟಗಳಲ್ಲೂ ರಕ್ತದಲ್ಲಿ ಮರಿಕೇಂದ್ರ ಹೆಚ್ಚಿತು, ಕಿವಿರಿನ ಕೋಶಗಳಲ್ಲೂ ಡಿಎನ್‌ಎ ತುಂಡಾಗಿತ್ತು.

ಒಂದೊಂದು ವಿಷವೂ ಒಂದೊಂದು ದಾರಿ ಹಿಡಿಯುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ನೀರಿನಲ್ಲಿ ಬರುವ ಕ್ರೋಮಿಯಂ ನೋಡಿ. ಅದು ಕೋಶಕ್ಕೆ ಬೇಕಾದ ಸಲ್ಫೇಟ್ ಥರವೇ ಕಾಣುತ್ತದೆ. ಕೋಶ ಸಲ್ಫೇಟ್ ಅಂದುಕೊಂಡು ತಾನೇ ಬಾಗಿಲು ತೆರೆದು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದು ರೂಪ ಬದಲಿಸಿ ಡಿಎನ್‌ಎಗೆ ಅಂಟುತ್ತದೆ. ಕ್ಯಾಡ್ಮಿಯಂ ಬೇರೆ ಥರ. ಡಿಎನ್‌ಎ ರಿಪೇರಿ ಮಾಡುವ ಕೆಲಸವನ್ನೇ ಅದು ತಡೆಯುತ್ತದೆ. ದಿನನಿತ್ಯ ಆಗುವ ಸಣ್ಣಪುಟ್ಟ ಹಾನಿಯೂ ಹಾಗೇ ಉಳಿಯುತ್ತದೆ. ಕಲ್ಲಿದ್ದಲು, ಡಾಂಬರು, ಹೊಗೆ ಮಸಿಯಲ್ಲಿರುವ ಬೆಂಜೋಪೈರೀನ್ ಇದೆಯಲ್ಲ, ಅದರದು ಇನ್ನೂ ಬೇಸರದ ಕತೆ. ಅದು ಒಳಬಂದಾಗ ಅಷ್ಟು ಕೆಟ್ಟದ್ದಲ್ಲ. ಮೀನಿನ ಲಿವರ್ ಅದನ್ನು ಹೊರಹಾಕೋಕೆ ಕರಗಿಸುತ್ತಾ ಹೋಗುತ್ತದೆ. ಹಾಗೆ ಕರಗಿಸುವಾಗಲೇ ಡಿಎನ್‌ಎಗೆ ಕಚ್ಚಿಕೊಳ್ಳುವ ರೂಪ ಹುಟ್ಟುತ್ತದೆ.

ಹತ್ತುಮೀನಿನ ಬಗ್ಗೆ ಇನ್ನೊಂದು ಮಾತು. ರಕ್ತದ ಕೋಶಕ್ಕೆ ಆದ ಹಾನಿ ಆ ಮೀನಿನ ಜೊತೆಗೇ ಮುಗಿಯುತ್ತದೆ. ಮರಿಗೆ ಹೋಗುವುದಿಲ್ಲ. ಮೊಟ್ಟೆಗೋ ವೀರ್ಯಕ್ಕೋ ಆದ ಹಾನಿ ಹಾಗಲ್ಲ. ಡಿಎನ್‌ಎ ಹಾಳಾದ ವೀರ್ಯವೂ ಎಷ್ಟೋ ಸಲ ಮೊಟ್ಟೆಯನ್ನು ಸೇರುತ್ತದೆ. ಮೊಟ್ಟೆಗೆ ಸ್ವಲ್ಪ ರಿಪೇರಿ ಮಾಡುವ ಶಕ್ತಿ ಇದೆ. ಮಿಕ್ಕದ್ದು ಸೊಟ್ಟ ಬೆನ್ನಿನ ಮರಿಯಾಗಿಯೋ ಒಡೆಯದ ಮೊಟ್ಟೆಯಾಗಿಯೋ ಕಾಣಿಸುತ್ತದೆ. ನಿಮ್ಮಲ್ಲಿ ಮೀನು ಮೊಟ್ಟೆ ಇಡೋಕೆ ಹತ್ತುವುದು ಮೊದಲ ಮಳೆಗೆ. ಹೊಲ, ತೋಟದ ಔಷಧಿ ಹಳ್ಳಕ್ಕೆ ತೊಳೆದು ಬರುವುದೂ ಅದೇ ಮಳೆಗೆ. ಅದೇ ನನಗೆ ಚಿಂತೆ.

ಗದ್ದೆಬಯಲು

ಇದನ್ನು ನಾನು ಯೋಚಿಸಿಯೇ ಇರಲಿಲ್ಲ ಮೇಡಂ. ಮೀನು ಕಡಿಮೆಯಾಗಿದ್ದಕ್ಕೆ ಹಿಡಿದವರನ್ನೇ ಬೈಯುತ್ತಿದ್ದೆವು. ನಾಳೆಯಿಂದ ಕ್ಯಾನು ತೊಳೆದ ನೀರು ಬಾಳೆ ಬುಡದ ಪಕ್ಕದ ಗುಂಡಿಗೆ.

ದಕ್ಷಿಣದವಳು

ಬೆಳ್ತಂಗಡಿ ತಾಲೂಕಿನವಳು ನಾನು. ಗೇರು ತೋಟಕ್ಕೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲ ನಮ್ಮ ಮನೆಯವರಿಗೆಲ್ಲ ನೆನಪಿದೆ. ಹೊಡೆದ ಮರುದಿನ ತೋಡಿನಲ್ಲಿ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು ಅಂತ ಅಮ್ಮ ಈಗಲೂ ಹೇಳ್ತಾರೆ. ಮನುಷ್ಯರ ಕತೆ ಗೊತ್ತಾಗೋಕೆ ಆಮೇಲೆ ಎಷ್ಟೋ ವರ್ಷ ಬೇಕಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು. ತೋಡಿನ ಮೀನು ಮೊದಲೇ ಹೇಳಿತ್ತು. ಆಗ ಕೇಳಿಸಿಕೊಂಡಿದ್ದರೆ ನಮ್ಮ ಕಡೆ ಎಷ್ಟೋ ಮನೆಗಳು ಬೇರೆ ಥರ ಇರುತ್ತಿದ್ದವು.

ಎಣಿಸಿನೋಡು

ನಾನು ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಮೇಡಂ ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಮರಿಕೇಂದ್ರ ಜಾಸ್ತಿ ಇದೆ ಎಂದ ತಕ್ಷಣ ಕೆರೆ ನೀರು ಕೆಟ್ಟಿದೆ ಅಂತ ಬರೆದುಬಿಡುವವರನ್ನು ನೋಡಿದ್ದೇನೆ. ಅದು ತಪ್ಪು. ಇದರಿಂದ ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು ಬರುತ್ತದೆ.

ನೀರು ಬಿಸಿಯಾದರೆ ಮೀನಿನ ಕೋಶ ಬೇಗ ಬೇಗ ಒಡೆಯುತ್ತದೆ. ಆಗಲೂ ಎಣಿಕೆ ಬದಲಾಗುತ್ತದೆ. ಹೆಣ್ಣಾ ಗಂಡಾ, ವಯಸ್ಸೆಷ್ಟು, ರೋಗ ಇದೆಯಾ ಅನ್ನುವುದರ ಮೇಲೂ ಬದಲಾಗುತ್ತದೆ. ಹಾಳಾದ ರಕ್ತಕಣವನ್ನು ಮೀನಿನ ಗುಲ್ಮ (ಸ್ಪ್ಲೀನ್) ಹೆಕ್ಕಿ ತೆಗೆಯುವುದೂ ಉಂಟು. ಅಂದರೆ ರಕ್ತದಲ್ಲಿ ಕಾಣುವುದು ನಿಜವಾಗಿ ಆಗಿದ್ದಕ್ಕಿಂತ ಕಡಿಮೆಯೂ ಇರಬಹುದು.

ಇನ್ನು ಲೆಕ್ಕ. ಸಾವಿರಕ್ಕೊಂದು ಸಿಗುವ ವಸ್ತು ಅದು. ಸಾವಿರ ಕೋಶ ಎಣಿಸಿದರೆ ಸುಮ್ನೆ ಆಕಸ್ಮಿಕವಾಗಿಯೇ ಒಂದು ಮೀನಿನಲ್ಲಿ ಸೊನ್ನೆ, ಇನ್ನೊಂದರಲ್ಲಿ ಮೂರು ಬರಬಹುದು. ಒಂದು ಮೀನಿಗೆ ಎರಡು ಮೂರು ಸಾವಿರ ಕೋಶವಾದರೂ ಎಣಿಸಬೇಕು. ಯಾವ ಸ್ಲೈಡ್ ಯಾವ ಕೆರೆಯದು ಅಂತ ಎಣಿಸುವವರಿಗೆ ಗೊತ್ತಿರಬಾರದು. ಇನ್ನೊಂದು ಕೆರೆಯ ಅದೇ ಜಾತಿ, ಅದೇ ಅಳತೆಯ ಮೀನು ಜೊತೆಗಿರಲೇಬೇಕು. ಹೋಲಿಕೆಗೆ ಕೆರೆ ಇಲ್ಲದ ಎಣಿಕೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೂಕ್ಷ್ಮದರ್ಶಕ

ಎಣಿಸಿನೋಡು ಅವರೇ, ಪೂರ್ತಿ ಒಪ್ಪಿದೆ. ಸ್ಲೈಡ್ ಮೇಲೆ ಬರೀ ನಂಬರು ಬರೆಯುವುದನ್ನು ನಾನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸುತ್ತೇನೆ. ಸಾಧ್ಯವಾದರೆ ಕಾಮೆಟ್ ಪರೀಕ್ಷೆಯನ್ನೂ ಜೊತೆಗೆ ಮಾಡಬೇಕು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಕ್ತಕಣಗಳನ್ನು ಅಗರೋಸ್ ಎಂಬ ಲೋಳೆಯಲ್ಲಿ ಕೂರಿಸುತ್ತೇವೆ. ಕೋಶದ ಪೊರೆ ಕರಗಿಸಿ, ಕ್ಷಾರದ ನೀರಲ್ಲಿಟ್ಟು ವಿದ್ಯುತ್ ಹಾಯಿಸುತ್ತೇವೆ. ಡಿಎನ್‌ಎ ಗಟ್ಟಿಯಾಗಿದ್ದರೆ ದುಂಡಗೆ ಅಲ್ಲೇ ಕೂತಿರುತ್ತದೆ. ತುಂಡಾಗಿದ್ದರೆ ಚೂರುಗಳು ಒಂದೇ ಕಡೆಗೆ ಓಡುತ್ತವೆ, ಧೂಮಕೇತುವಿನ ಬಾಲದ ಹಾಗೆ. ಈಗ ಎಲ್ಲ ಕಡೆ ಬಳಸುವ ಕ್ಷಾರದ ವಿಧಾನವನ್ನು 1988ರಲ್ಲಿ ನರೇಂದ್ರ ಸಿಂಗ್ ಮತ್ತು ಜೊತೆಗಾರರು ಕೊಟ್ಟರು. ಕಾಮೆಟ್ ಹೇಳುವುದು ಈಚಿನ ಹಾನಿ. ಗಂಟೆಗಳಲ್ಲಿ ರಿಪೇರಿಯಾಗಿ ಹೋಗಬಹುದು. ಮರಿಕೇಂದ್ರ ಹೇಳುವುದು ರಿಪೇರಿಯಾಗದೆ ಉಳಿದು, ಕೋಶ ಒಡೆದ ಮೇಲೂ ಕಾಣುವ ಹಾನಿ. ಎರಡೂ ಸೇರಿದರೆ ಕತೆ ಸ್ಪಷ್ಟವಾಗುತ್ತದೆ.

ಮೀನ್ಸಾರು

ನಾನು ಕೇಳಬೇಕಾದ್ದು ಸರಳ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಮೀನು. ಬೆಂಗಳೂರಿಗೆ ಬಂದ ಮೇಲೆ ಕಡಲ ಮೀನು ತುಟ್ಟಿ ಅಂತ ಕೆರೆ ಮೀನೂ ತರುತ್ತೇನೆ. ಚಿಕ್ಕ ಮಕ್ಕಳಿದ್ದಾರೆ. ಹಾಳಾದ ಡಿಎನ್‌ಎ ಇರುವ ಮೀನು ತಿಂದರೆ ಮಕ್ಕಳಿಗೂ ಹಾಗೇ ಆಗುತ್ತಾ ಅಕ್ಕ?

ಸೂಕ್ಷ್ಮದರ್ಶಕ

ಇಲ್ಲ ತಂಗಿ. ಆ ಹೆದರಿಕೆ ಬೇಡ. ಯಾವ ಮೀನಿನ ಡಿಎನ್‌ಎ ಆದರೂ, ಸರಿ ಇರಲಿ ಹಾಳಾಗಿರಲಿ, ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದು ಅಂಟುರೋಗ ಅಲ್ಲ.

ಯೋಚಿಸಬೇಕಾದ್ದು ಹಾನಿ ಮಾಡಿದ ವಸ್ತು ಮೀನಿನ ಮೈಯಲ್ಲಿ ಉಳಿದಿದೆಯಾ ಅನ್ನುವುದನ್ನು. ಕ್ಯಾಡ್ಮಿಯಂ ಹೆಚ್ಚಾಗಿ ಲಿವರ್, ಮೂತ್ರಪಿಂಡದಲ್ಲಿ ಸೇರುತ್ತದೆ. ಹೊಟ್ಟೆ ಒಳಗಿನದನ್ನೂ ಕಿವಿರನ್ನೂ ಚೆನ್ನಾಗಿ ತೆಗೆದು ಹಾಕಿದರೆ ಅದರ ಬಹುಪಾಲು ಹೋಗುತ್ತದೆ. ಪಾದರಸದ ವಿಷಯ ಹಾಗಿಲ್ಲ. ಮೀಥೈಲ್ ಪಾದರಸ ಮಾಂಸದಲ್ಲೇ ಸೇರಿರುತ್ತದೆ. ತೊಳೆದರೂ ಹೋಗದು, ಹುಣಸೆಹುಳಿಯಲ್ಲಿ ಕುದಿಸಿದರೂ ಹೋಗದು. ಬೇರೆ ಮೀನನ್ನು ತಿಂದು ಬದುಕುವ ದೊಡ್ಡ ಮೀನಿನಲ್ಲಿ ಅದು ಜಾಸ್ತಿ. ಕಾಟ್ಲಾ ನೀರಲ್ಲಿ ತೇಲುವ ಸಣ್ಣ ಜೀವಿ ತಿನ್ನುತ್ತದೆ, ಹಾಗಾಗಿ ಅದರಲ್ಲಿ ಸಾಮಾನ್ಯವಾಗಿ ಕಡಿಮೆ. ಮೃಗಾಲ್, ಗೆಂಡೆ ತಳದ ಕೆಸರು ಕೆದಕಿ ತಿನ್ನುವವು. ಕೆಸರು ಕೆಟ್ಟಿದ್ದರೆ ಮೊದಲು ಸಿಕ್ಕಿಕೊಳ್ಳುವುದು ಅವೇ.

ನಾನಂತೂ ಕಾರ್ಖಾನೆ ನೀರು ಸೇರುವ ಕೆರೆಯ ಮೀನು ಅಂತ ಗೊತ್ತಿದ್ದರೆ ಮಕ್ಕಳಿಗೆ ಹಾಕುವುದಿಲ್ಲ. ಅಂಗಡಿಯವರನ್ನು ಎಲ್ಲಿಯದು ಅಂತ ಕೇಳಿ. ಕೇಳೋದು ತಪ್ಪೇನಲ್ಲ ಅಲ್ವಾ?

ಈರಿದಂಡೆ

ಹುಟ್ಟೂರು ಶಿವಮೊಗ್ಗ. ಈಗ ಅಮೆರಿಕದ ಓಹಾಯೋ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ಹತ್ತಿರ ಇದ್ದೇನೆ. ಇಲ್ಲಿನ ಒಂದು ನದಿಯ ಕತೆ ಹೇಳಬೇಕು ಅನ್ನಿಸಿತು. ನಿರಾಶೆಯಿಂದ ಓದುತ್ತಿರುವವರು ಇದನ್ನು ಓದಲೇಬೇಕು.

ಲೊರೇನ್ ಎಂಬ ಊರಲ್ಲಿ ಬ್ಲ್ಯಾಕ್ ರಿವರ್ ಎಂಬ ನದಿ ಈರಿ ಸರೋವರ ಸೇರುತ್ತದೆ. ದಂಡೆಯಲ್ಲಿ ಉಕ್ಕಿನ ಕಾರ್ಖಾನೆಗೆ ಸೇರಿದ ಕೋಕ್ ಒಲೆಗಳಿದ್ದವು. ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವಾಗ ಮೇಡಂ ಹೇಳಿದ ಆ ಡಾಂಬರಿನ ಜಾತಿಯ ವಿಷ ಹೊಳೆ ಕೆಸರಿಗೆ ಸೇರುತ್ತಿತ್ತು. ಅಲ್ಲಿ ಬ್ರೌನ್ ಬುಲ್‌ಹೆಡ್ ಅಂತ ಮೀಸೆ ಇರುವ ಮೀನು ಇದೆ. ನಮ್ಮ ಮುರುಗೋಡಿನ ಹಾಗೆ ತಳದಲ್ಲೇ ಇರುತ್ತದೆ. ಮೂರು ವರ್ಷ ದಾಟಿದ ಮೀನುಗಳನ್ನು 1982ರಲ್ಲಿ ಕೊಯ್ದು ನೋಡಿದಾಗ ನೂರಕ್ಕೆ ಸುಮಾರು 39ರಲ್ಲಿ ಲಿವರ್ ಕ್ಯಾನ್ಸರ್ ಇತ್ತು. ಸಾಕಿದ್ದಲ್ಲ, ನದಿಯಲ್ಲಿ ತಾನಾಗೇ ಬೆಳೆದ ಮೀನಿನಲ್ಲಿ!

1983ರಲ್ಲಿ ಕೋಕ್ ಒಲೆಗಳು ಮುಚ್ಚಿದವು. ಹೊಸ ವಿಷ ಬರುವುದು ನಿಂತಿತು. ಹಳೆಯದರ ಮೇಲೆ ಹೊಸ ಕೆಸರು ಕೂತಿತು. 1987ಕ್ಕೆ ಕ್ಯಾನ್ಸರ್ ಇದ್ದ ಮೀನು ನೂರಕ್ಕೆ 10ಕ್ಕೆ ಇಳಿದಿತ್ತು. ಐದೇ ವರ್ಷ. ಪಾಲ್ ಬೌಮನ್ ಮತ್ತು ಜಾನ್ ಹರ್ಷ್‌ಬರ್ಗರ್ ಇದನ್ನು ದಾಖಲಿಸಿದವರು.

ಆಮೇಲೆ 1990ರ ಹೊತ್ತಿಗೆ ಹಳೆಯ ಕೆಸರನ್ನೇ ತೆಗೆದುಬಿಡೋಣ ಅಂತ ಹೂಳೆತ್ತಿದರು. ಉದ್ದೇಶ ಒಳ್ಳೆಯದೇ. ಆದರೆ ಎತ್ತುವಾಗ ಅಡಿಯಲ್ಲಿ ಹೂತಿದ್ದ ವಿಷ ಕದಡಿ ಮೇಲೆ ಬಂತು. ಆಗ ನದಿಯಲ್ಲಿದ್ದ ಮೀನುಗಳಲ್ಲಿ ಕ್ಯಾನ್ಸರ್ ಮತ್ತೆ ಏರಿತು. ಆಮೇಲೆ ಹುಟ್ಟಿದ ಮೀನುಗಳು ಚೆನ್ನಾಗಿ ಬಂದವು. ನಾನು ವಾರಾಂತ್ಯಕ್ಕೆ ಆ ದಂಡೆಯಲ್ಲಿ ನಡೆಯಲು ಹೋಗುತ್ತೇನೆ. ಅಲ್ಲಿ ನಿಂತಾಗೆಲ್ಲ ನಮ್ಮ ತುಂಗೆ ನೆನಪಾಗುತ್ತದೆ.

ಕೆರೆಏರಿ

ಈರಿದಂಡೆ ಅಣ್ಣ, ಹೂಳಿನ ಮಾತು ಓದಿ ಗಾಬರಿಯಾಯಿತು. ನಮ್ಮ ಕಡೆ ಕೆರೆ ಹೂಳು ಅಂದ್ರೆ ಚಿನ್ನ. ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಹೊಡೆಯುತ್ತೇವೆ. ಅಪ್ಪ ಪ್ರತಿ ಬೇಸಿಗೆಗೂ ಕಾಯುತ್ತಿದ್ದರು.

ಎಣಿಸಿನೋಡು

ಮಳೆ ನೀರಿನ ಕೆರೆ ಹೂಳು ಚಿನ್ನವೇ. ಅದರಲ್ಲಿ ಸಂಶಯ ಬೇಡ. ಊರ ಕೊಳಚೆ, ಕಾರ್ಖಾನೆ ನೀರು ಸೇರಿದ ಕೆರೆಯದಾದರೆ ಎತ್ತುವ ಮೊದಲು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸಿ. ಎತ್ತುವುದಾದರೆ ನೀರು ಪೂರ್ತಿ ಇಳಿದ ಮೇಲೆ, ಮೀನು ಹಿಡಿದಾದ ಮೇಲೆ.

ದಕ್ಷಿಣದವಳು

ಸರ್ಕಾರದ ನೀರು ಪರೀಕ್ಷೆಯಲ್ಲಿ ಈ ಡಿಎನ್‌ಎ ಸಂಗತಿ ಇರುವುದಿಲ್ಲವಾ?

ಸೂಕ್ಷ್ಮದರ್ಶಕ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ನೀರನ್ನು ಎ ಇಂದ ಇ ತನಕ ವರ್ಗ ಮಾಡಿದ್ದಾರೆ. ಮೀನು ಮತ್ತು ಕಾಡುಪ್ರಾಣಿಗೆ ಸಾಕು ಅನ್ನುವುದು ಡಿ ವರ್ಗ. ಅದಕ್ಕೆ ನೋಡುವುದು ಮೂರೇ ಸಂಗತಿ. ಪಿಎಚ್ 6.5ರಿಂದ 8.5ರ ಒಳಗಿರಬೇಕು. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ ಇರಬೇಕು. ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಮೂರೂ ಬೇಕಾದವೇ. ಆದರೆ ಮೂರೂ ಸರಿ ಇದ್ದ ನೀರಿನಲ್ಲೂ ಮೀನಿನ ಡಿಎನ್‌ಎ ತುಂಡಾಗಬಹುದು. ಆ ಮೂರು ಅಂಕಿಗಳಿಗೆ ಅದು ಕಾಣುವುದೇ ಇಲ್ಲ. ಎರಡು ಹಂತದ ಶುದ್ಧೀಕರಣವೂ ಹಾಗೇ. ಕೊಳೆಯುವ ವಸ್ತು, ತೇಲುವ ಕಸ ತೆಗೆಯೋಕೆ ಕಟ್ಟಿದ್ದು ಅದು. ಲೋಹ, ಔಷಧಿ, ಬಣ್ಣದ ರಾಸಾಯನಿಕ ಸ್ವಲ್ಪ ಹೋಗಬಹುದು, ಪೂರ್ತಿ ತೆಗೆಯೋಕೆ ಅಂತ ಮಾಡಿದ್ದಲ್ಲ.

ಬೇರೆ ದಾರಿ ಇಲ್ಲ ಅಂತಲ್ಲ. ಜರ್ಮನಿಯಲ್ಲಿ ರಾಸಾಯನಿಕ ಕಾರ್ಖಾನೆ ಹೊರಬಿಡುವ ನೀರಿಗೆ ಉಮು ಎಂಬ ಪರೀಕ್ಷೆ ಕಾನೂನಿನಲ್ಲೇ ಇದೆ. ಜಪಾನಿನವರು 1985ರಲ್ಲಿ ಕೊಟ್ಟ ವಿಧಾನ. ಡಿಎನ್‌ಎಗೆ ಪೆಟ್ಟು ಬಿದ್ದರೆ ಬಣ್ಣ ತೋರಿಸುವ ಬ್ಯಾಕ್ಟೀರಿಯಾ ಬಳಸುತ್ತಾರೆ. ಮೀನನ್ನು ಮುಟ್ಟುವುದೂ ಬೇಡ. ನಮ್ಮಲ್ಲೂ ಜಿಲ್ಲೆಗೊಂದು ಲ್ಯಾಬ್‌ನಲ್ಲಿ ಇದು ಶುರುವಾಗಲಿ ಅಂತ ನಾನು ಹೋದಲ್ಲೆಲ್ಲ ಕೇಳುತ್ತಲೇ ಇದ್ದೇನೆ. ಇನ್ನೂ ಕೇಳುತ್ತೇನೆ.

ಕೆರೆಏರಿ

ಮೇಡಂ, ಚಿಕ್ಕಪ್ಪನ ಹತ್ತಿರ ಮಾತಾಡಿದೆ. ಮೊದಲು ಸಿಟ್ಟಾದರು. ಮೀನು ಮಾರಾಟ ನಿಂತರೆ ಐದು ಮನೆಗೆ ತೊಂದರೆ, ಅದೂ ನಿಜ ಅಲ್ವಾ. ನಿನ್ನೆ ರಾತ್ರಿ ಅವರೇ ಬಂದು "ನಮ್ಮ ಮನೆ ಮಕ್ಕಳೂ ತಿಂತಾರಲ್ಲ, ನೋಡಿಸೋಣ" ಅಂದರು. ಕ್ಯಾನಿನಲ್ಲಿ ನೀರು ತುಂಬಿ ಮೀನನ್ನು ಜೀವಂತ ನಿಮ್ಮ ಕಾಲೇಜಿಗೆ ತರಲಾ?

ಎಣಿಸಿನೋಡು

ತರಬೇಡಿ. ದಾರಿಯಲ್ಲಿ ಅಲುಗಾಡಿ, ಉಸಿರು ಕಟ್ಟಿ, ಅದರಿಂದಲೇ ಕಾಮೆಟ್ ಕೆಡುತ್ತದೆ. ಸತ್ತರೆ ರಕ್ತ ಹೆಪ್ಪುಗಟ್ಟುತ್ತದೆ.

ಸೂಕ್ಷ್ಮದರ್ಶಕ

ಹೌದು, ನಾವೇ ಬರುತ್ತೇವೆ. ನಾನು ಮತ್ತು ಇಬ್ಬರು ವಿದ್ಯಾರ್ಥಿನಿಯರು. ಏರಿ ಮೇಲೆ ಒಂದು ಮೇಜು, ನೆರಳು ಇದ್ದರೆ ಸಾಕು. ರಕ್ತ ತೆಗೆದು ಅಲ್ಲೇ ಸ್ಲೈಡ್ ಎಳೆಯುತ್ತೇವೆ. ಒಣಗಿಸಿ ಮೆಥನಾಲ್‌ನಲ್ಲಿ ಅದ್ದಿದರೆ ಸ್ಲೈಡ್ ಕೆಡುವುದಿಲ್ಲ. ಕಾಲೇಜಿಗೆ ತಂದು ನಿಧಾನವಾಗಿ ಎಣಿಸಬಹುದು. ಕಾಮೆಟ್ ಈ ಸಲ ಬೇಡ, ಮರಿಕೇಂದ್ರ ಮೊದಲು ನೋಡೋಣ.

ಮೃಗಾಲ್ ಹತ್ತು, ಜಿಲೇಬಿ ಹತ್ತು ಬೇಕು. ಎಲ್ಲ ಹೆಚ್ಚುಕಮ್ಮಿ ಒಂದೇ ಅಳತೆ. ಹೋಲಿಕೆಗೆ ಮಳೆ ನೀರು ಮಾತ್ರ ಬರುವ ಕೆರೆ ಹತ್ತಿರದಲ್ಲಿ ಇದೆಯಾ? ಅಲ್ಲೂ ಇದೇ ಎರಡು ಜಾತಿ ಇರಬೇಕು.

ಕೆರೆಏರಿ

ಇದೆ ಮೇಡಂ. ಸೋದರಮಾವನ ಊರಲ್ಲಿ, ಬೆಟ್ಟದ ಕೆಳಗೆ. ಅಲ್ಲಿಗೆ ಪೈಪಿನ ನೀರು ಬರುವುದಿಲ್ಲ. ಅಲ್ಲೂ ಜಿಲೇಬಿ ಇದೆ. ಮೃಗಾಲ್ ಇದೆಯಾ ಅಂತ ಮಾವನನ್ನು ಕೇಳಿ ನಾಳೆ ಹಾಕುತ್ತೇನೆ.

ನಮ್ಮಲ್ಲಿ ಬಲೆ ಎಳೆಯುವುದು ಗುರುವಾರ ಬೆಳಗಿನ ಜಾವ ಐದಕ್ಕೆ. ನೀವು ಬುಧವಾರ ರಾತ್ರಿಯೇ ಬಂದು ನಮ್ಮ ಮನೆಯಲ್ಲಿ ಉಳಿಯಿರಿ. ಅಜ್ಜಿ ಮುದ್ದೆ, ಬಸ್ಸಾರು ಮಾಡ್ತಾರಂತೆ. ಮೇಜು ಶಾಲೆಯಿಂದ ತರುತ್ತೇನೆ.